ಚೀಟಿ ಮೇಡಂ ಮುಂದೆ ನಡೆದದ್ದು

ಇಪ್ಪತ್ತೆರಡು ವರ್ಷ ವಕೀಲಿಕೆ ಮಾಡಿಯೂ ನ್ಯಾಯಾಧೀಶರ ಎದುರು ಒಂದು ವಾಕ್ಯವನ್ನು ಪೂರ್ತಿ ಆಡದವರು ಆ ಕೋರ್ಟಿನಲ್ಲಿ ಯಾರಾದರೂ ಇದ್ದರೆ ಅದು ಚೀಟಿ ಮೇಡಂ ಒಬ್ಬರೇ. ಆ ಹೆಸರು ಅವರಿಗೆ ಸುಮ್ಮನೆ ಬಿದ್ದದ್ದಲ್ಲ. ಅವರ ಹಿರಿಯರಾದ ದೊಡ್ಡ ವಕೀಲರು ಎದ್ದು ನಿಂತು ಗುಡುಗುವಾಗ ಮೇಡಂ ಬೆನ್ನ ಹಿಂದಿನ ಕುರ್ಚಿಯಲ್ಲಿ ಕೂತು, ಅಂಗೈಯಗಲದ ಚೀಟಿಗಳಲ್ಲಿ ಮುಂದಿನ ಮಾತು ಗೀಚಿ ಅವರ ಕೋಟಿನ ತೋಳಿನ ಕೆಳಗೆ ತೂರಿಸುತ್ತಿದ್ದರು. ದೊಡ್ಡ ವಕೀಲರು ಚೀಟಿಯ ಮೇಲೆ ಕಣ್ಣಾಡಿಸಿ, ಅದು ಆ ಕ್ಷಣಕ್ಕೆ ತಮಗೇ ಹೊಳೆದದ್ದೆಂಬಂತೆ ಕನ್ನಡಕ ತೆಗೆದು ಒರೆಸಿ, ಮಾತು ಮುಂದುವರಿಸುತ್ತಿದ್ದರು. ಕಾಗದಪತ್ರದಲ್ಲಿ ತಪ್ಪು ಹುಡುಕುವುದರಲ್ಲಿ ಮೇಡಂ ಎತ್ತಿದ ಕೈ. ದಿನಾಂಕ, ಸಹಿ, ಮೊಹರು, ಎಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಬಾಯಿ ತೆರೆಯಬೇಕೆಂದರೆ ಮಾತ್ರ ಕೈ ಚೀಟಿಯ ಕಡೆಗೇ ಹೋಗುತ್ತಿತ್ತು.

ಇಬ್ಬರಿಗೂ ಸುಖವಾಗಿಯೇ ಇದ್ದ ಈ ಏರ್ಪಾಡಿಗೆ ಕಲ್ಲು ಬಿದ್ದದ್ದು ದೊಡ್ಡ ವಕೀಲರ ಗಂಟಲಲ್ಲಿ ಗಂಟೊಂದು ಎದ್ದಾಗ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಮೂರು ತಿಂಗಳು ತುಟಿ ಪಿಟಕ್ಕೆನ್ನಬಾರದು, ಪಿಸುಗುಟ್ಟುವುದೂ ಕೂಡದು, ಕೆಮ್ಮು ಬಂದರೆ ಆದಷ್ಟು ತಡೆದುಕೊಳ್ಳಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಮನೆಯಲ್ಲಿ ಸುಮ್ಮನಿರಲಾರದ ದೊಡ್ಡ ವಕೀಲರು ಆಫೀಸಿಗೆ ಬಂದು ಸುಮ್ಮನೆ ಕೂತರು. ಸೋಮವಾರ ಬೆಳಿಗ್ಗೆ ನಾಲ್ವರು ಜೂನಿಯರ್‌ಗಳನ್ನೂ ಗುಮಾಸ್ತರನ್ನೂ ಕರೆಸಿ, ಮೇಡಂ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದಪ್ಪಕ್ಷರದಲ್ಲಿ ಬರೆದ ಹಾಳೆಯೊಂದನ್ನು ಎತ್ತಿ ಹಿಡಿದರು. ಇನ್ನು ಮೂರು ತಿಂಗಳು ಈಕೆಯೇ ಮುಂದಾಳು, ಈಕೆ ಮುಂದೆ ನಡೆಯಲಿ, ಉಳಿದವರು ಹಿಂದೆ ನಡೆಯಲಿ ಎಂದು ಅದರಲ್ಲಿತ್ತು. ಎಲ್ಲರೂ ಓದಿ ತಲೆಯಾಡಿಸಿದರು. ಮೇಡಂ ಎರಡು ಸಲ ಓದಿದರು; ಎಲ್ಲಾದರೂ ಸಹಿ ತಪ್ಪಿದೆಯೇ ಎಂದು ನೋಡಿದರು. ಸಹಿ ಸರಿಯಾಗಿತ್ತು.

ಮುಂದಾಳುತನ ಎಷ್ಟು ಕಷ್ಟದ್ದೆಂದು ಆ ಮಧ್ಯಾಹ್ನವೇ ಗೊತ್ತಾಯಿತು. ಆಫೀಸಿನ ಫೋನು ಬಡಿದುಕೊಳ್ಳತೊಡಗಿದಾಗ ಮೇಡಂ, ಯಾರಿಗೂ ಅಭ್ಯಂತರ ಇಲ್ಲದಿದ್ದರೆ, ಯಾರಾದರೊಬ್ಬರು ಅದನ್ನು ಎತ್ತಬಹುದೇನೋ ಎಂದರು. ‘ಯಾರಾದರೊಬ್ಬರು’ ಎಂಬ ಪದಕ್ಕೆ ಇಲ್ಲಿ ಏನರ್ಥ ಎಂದು ಉದ್ದನೆಯ ಜೂನಿಯರ್ ಕೇಳಿದ. ಅದರಲ್ಲಿ ಮೇಡಂ ಅವರೂ ಸೇರುತ್ತಾರೆಯೇ ಎಂಬ ಪ್ರಶ್ನೆಯನ್ನು ಸದಾ ನೆಗಡಿಯ ಜೂನಿಯರ್ ಎತ್ತಿದಳು. ಉಳಿದ ಇಬ್ಬರು ಪರ ಒಬ್ಬರು, ವಿರೋಧ ಒಬ್ಬರು ಎಂದು ಪಾಲು ಹಂಚಿಕೊಂಡರು. ವಾದ ಪ್ರತಿವಾದ ಮುಗಿಯುವ ಮುಂಚೆಯೇ ಫೋನು ಸೋತು ಸುಮ್ಮನಾಯಿತು. ದೊಡ್ಡ ವಕೀಲರು ತಮ್ಮ ಕುರ್ಚಿಯಿಂದ ಚೀಟಿ ಕಳಿಸಿದರು. ‘ಧ್ವನಿ ಸಾಲದು’ ಎಂದಿತ್ತು.

ಮೇಡಂ ಮನೆಗೆ ಹೋಗಿ ಗಂಡನ ಹತ್ತಿರ ದುಃಖ ತೋಡಿಕೊಂಡರು. ಗಂಡ ಹಲ್ಲು ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ತಯಾರಿಸಿಕೊಡುವ ಕುಶಲಕರ್ಮಿ. ದಿನವಿಡೀ ಬಾಯಿಗಳ ಜೊತೆ ಇದ್ದೂ ಇದ್ದೂ ಆತನಿಗೆ ಮಾತಿನಲ್ಲಿ ಆಸಕ್ತಿಯೇ ಉಳಿದಿರಲಿಲ್ಲ. ಆತ ಮೇಲ್ದವಡೆಯೊಂದನ್ನು ಉಜ್ಜುತ್ತ ಹ್ಞೂಂಗುಟ್ಟಿದ. ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಂಡವರು ಆತನ ಅಕ್ಕ. ಶಾಲೆಯಲ್ಲಿ ಮೂವತ್ತೊಂದು ವರ್ಷ ಡ್ರಿಲ್ ಟೀಚರ್ ಆಗಿದ್ದು ನಿವೃತ್ತರಾಗಿ, ಈಗ ತಮ್ಮನ ಮನೆಯಲ್ಲಿ ಆಜ್ಞೆ ಕೊಡಲು ಯಾರೂ ಸಿಗದೆ ಚಡಪಡಿಸುತ್ತಿದ್ದ ಅತ್ತಿಗೆ. ಅವರ ಪೆಟ್ಟಿಗೆಯಿಂದ ಸೀಟಿ ಹೊರಗೆ ಬಂತು.

ಮರುದಿನದಿಂದ ಬೆಳಿಗ್ಗೆ ಆರಕ್ಕೆ ಮಹಡಿಯ ಮೇಲೆ ತಾಲೀಮು ಶುರು. ಗದ್ದ ಮೇಲೆ, ಉಸಿರು ಹೊಟ್ಟೆಯಿಂದ, ಹೆಜ್ಜೆ ಒಂದೇ ಸಮ. ಹಿಂದೆ ನಡೆಯಲು ಒಬ್ಬರಾದರೂ ಬೇಕಲ್ಲ ಎಂದು ಗಂಡನನ್ನೂ ಎಳೆದು ತಂದರು. ಕೆಲಸ ಬಿಟ್ಟಿರಲಾರದ ಆತ ಕೈಯಲ್ಲೊಂದು ಪ್ಲಾಸ್ಟರಿನ ದವಡೆ ಹಿಡಿದು ಉಜ್ಜುತ್ತಲೇ ಹೆಂಡತಿಯ ಹಿಂದೆ ಹೆಜ್ಜೆ ಹಾಕಿದ. ನೀರಿನ ಟ್ಯಾಂಕಿನ ಹತ್ತಿರ ತಿರುವು ಬಂದಾಗ, ಗಂಡ ಬರುತ್ತಿದ್ದಾನೋ ಇಲ್ಲವೋ ಎಂದು ಮೇಡಂ ಕುತ್ತಿಗೆ ಹೊರಳಿಸಿದರೆ ಸಾಕು, ಸೀಟಿ ಕಿವಿ ಸೀಳುತ್ತಿತ್ತು.

“ಹಿಂದೆ ತಿರುಗಿ ನೋಡಬೇಡ,” ಎಂದರು ಅತ್ತಿಗೆ. “ಮುಂದಿರೋಳಿಗೇ ಅನುಮಾನ ಇದೆ ಅಂತ ಹಿಂದಿನವರಿಗೆ ಗೊತ್ತಾದ್ರೆ ಸಾಲು ಅಲ್ಲಿಗೇ ಚೆಲ್ಲಾಪಿಲ್ಲಿ. ತಪ್ಪು ದಾರೀಲಿ ಹೋದ್ರೂ ನೆಟ್ಟಗೆ ಹೋಗು.”

ಮೂರು ವಾರದಲ್ಲಿ ಮೇಡಂ ಬೆನ್ನು ಕೋಲಿನ ಹಾಗಾಯಿತು. ಆಫೀಸಿನಲ್ಲಿ ಫೋನು ಬಡಿದಾಗ ಉದ್ದನೆಯವನ ಕಡೆ ಬೆರಳು ತೋರಿಸಿ “ನೀನು ಎತ್ತು” ಅಂದರು. ಅವನು ಗಾಬರಿಯಲ್ಲಿ ಎತ್ತಿಬಿಟ್ಟ. ಆ ದಿನದಿಂದ ಜೂನಿಯರ್‌ಗಳ ಕಣ್ಣಲ್ಲಿ ಒಂದು ಬಗೆಯ ಭಯಭಕ್ತಿ ಮೂಡಿತು. ಮೇಡಂ ಕ್ಯಾಂಟೀನಿಗೆ ಹೊರಟರೆ ನಾಲ್ವರೂ ಹಿಂದೆ. ಫೋಟೋಕಾಪಿ ಅಂಗಡಿಗೆ ಹೊರಟರೆ ಹಿಂದೆ. ಒಮ್ಮೆ ಹೆಂಗಸರ ಶೌಚಾಲಯದ ಬಾಗಿಲ ತನಕವೂ ಬಂದು, ಗುಮಾಸ್ತರು ಕೆಮ್ಮಿದ ಮೇಲೆ ನಿಂತರು.

ಅಷ್ಟರಲ್ಲಿ ಕುರ್ಚಿಯವನ ಕೇಸು ವಾದಕ್ಕೆ ಬಂತು. ಸಭೆ ಸಮಾರಂಭಗಳಿಗೆ ಮಡಿಸುವ ಕುರ್ಚಿ ಬಾಡಿಗೆಗೆ ಕೊಡುವ ಈತ ಹತ್ತೊಂಬತ್ತು ವರ್ಷದಿಂದ ಒಂದೇ ಗೋದಾಮಿನಲ್ಲಿ ನಾನೂರು ಕುರ್ಚಿ ಪೇರಿಸಿಕೊಂಡು ಬದುಕುತ್ತಿದ್ದ. ಕಟ್ಟಡ ಈಗಲೋ ಆಗಲೋ ಬೀಳುವಂತಿದೆ, ಕೂಡಲೇ ಖಾಲಿ ಮಾಡಿಸಿ ಎಂದು ಮಾಲೀಕ ಕೋರ್ಟಿಗೆ ಹೋಗಿದ್ದ. ವಾಸ್ತವವಾಗಿ ಬೀಳುವಂತಿದ್ದದ್ದು ಕಟ್ಟಡದ ಮುಂದಿನ ಬೋರ್ಡು ಮಾತ್ರ. ಮೇಡಂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೈಲು ಓದಿ, ಮೂವತ್ತಾರು ಚೀಟಿ ಬರೆದುಕೊಂಡರು. ಈ ಸಲ ಅವು ತಮಗೇ. ಕುರ್ಚಿಯವನಿಗೆ ಅಂದು ದೊಡ್ಡ ಸಮಾರಂಭವೊಂದಕ್ಕೆ ಮಾಲು ಕಳಿಸುವುದಿತ್ತು. ನೀವಿದ್ದೀರಲ್ಲ, ನಾನು ಬರದಿದ್ದರೂ ನಡೆಯುತ್ತದೆ ಅಂದ.

ಒಂಬತ್ತನೇ ಕೋರ್ಟಿಗೆ ಹೋಗಬೇಕಿತ್ತು. ಆ ವಾರ ಕಾರಿಡಾರಿಗೆ ಬಣ್ಣ ಬಳಿಯುತ್ತಿದ್ದರು. ಬಾಗಿಲುಗಳ ಮೇಲಿನ ಸಂಖ್ಯೆಗಳನ್ನೆಲ್ಲ ಕಿತ್ತು ಒಂದು ಬಕೆಟ್ಟಿನಲ್ಲಿ ಹಾಕಿಟ್ಟಿದ್ದರು. ಮೇಡಂ ಗದ್ದ ಮೇಲೆತ್ತಿ, ಏಣಿಗಳ ನಡುವೆ ನುಸುಳಿ, ಒಂದೇ ಸಮನೆ ಹೆಜ್ಜೆ ಹಾಕಿ ಒಂದು ಬಾಗಿಲು ಹೊಕ್ಕರು. ಹಿಂದೆ ನಾಲ್ವರು ಜೂನಿಯರ್‌ಗಳು, ಅವರ ಹಿಂದೆ ಗುಮಾಸ್ತರು. ಒಳಗೆ ಕೇಸು ಕರೆಯುವ ಪೇಷ್ಕಾರ ಕಟ್ಟಿಕೊಂಡ ಮೂಗಿನಲ್ಲಿ ಏನೋ ಒಂದು ಸಂಖ್ಯೆ ಕೂಗಿ, ಬಾಡಿಗೆದಾರನ ಪರ ಯಾರು ಎಂದು ಕೇಳಿದ. ಮೇಡಂ ಎದ್ದು ನಿಂತರು.

ಹೊಟ್ಟೆಯಿಂದ ಉಸಿರೆಳೆದುಕೊಂಡರು. ಮಾತು ಬಂತು. ಒಂದು ವಾಕ್ಯ ಪೂರ್ತಿ ಬಂತು, ಅದರ ಹಿಂದೆ ಇನ್ನೊಂದು ಬಂತು. ತಮ್ಮ ಕಕ್ಷಿದಾರ ಹತ್ತೊಂಬತ್ತು ವರ್ಷದಿಂದ ಯಾರ ತಂಟೆಗೂ ಹೋಗದೆ, ಯಾರ ನಿದ್ದೆಯನ್ನೂ ಕೆಡಿಸದೆ ತನ್ನ ಮಾಲಿನೊಂದಿಗೆ ಬದುಕಿದ್ದಾನೆ ಎಂದರು. ಇಪ್ಪತ್ತೆರಡು ವರ್ಷ ಒಳಗೇ ಇದ್ದ ಧ್ವನಿ, ತೊಳೆದಿಟ್ಟ ಪಾತ್ರೆಯ ಹಾಗೆ ಖಣಖಣ ಎನ್ನುತ್ತಿತ್ತು. ಹತ್ತು ನಿಮಿಷ ಕೇಳಿದ ಮೇಲೆ ನ್ಯಾಯಾಧೀಶರು ತಲೆಯೆತ್ತಿ, ಎಂಬತ್ತಮೂರು ಗಡಿಯಾರ ಒಟ್ಟಿಗೆ ಗಂಟೆ ಹೊಡೆದರೆ ಯಾರ ನಿದ್ದೆಯೂ ಕೆಡುವುದಿಲ್ಲ ಎನ್ನುವುದು ಹೇಗೆ ಎಂದು ಕೇಳಿದರು.

ಗಡಿಯಾರ? ಮೇಡಂ ಚೀಟಿ ನೋಡಿದರು. ಮೂವತ್ತಾರರಲ್ಲಿ ಒಂದರಲ್ಲೂ ಗಡಿಯಾರ ಇರಲಿಲ್ಲ. ಆಗ ಅವರ ಕಣ್ಣು ಮುಂದಿನ ಬೆಂಚಿನ ಮೇಲೆ ಬಿತ್ತು. ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡ ಸಣಕಲು ಮುದುಕನೊಬ್ಬ, ದೇವರೇ ಪ್ರತ್ಯಕ್ಷವಾದಂತೆ ಅವರನ್ನು ಪಿಳಿಪಿಳಿ ನೋಡುತ್ತ ಕೂತಿದ್ದ. ಕೋರ್ಟು ಬೇರೆ, ಕೇಸು ಬೇರೆ, ಬಾಡಿಗೆದಾರ ಬೇರೆ. ನೆಲ ಬಾಯಿ ಬಿಡಬಾರದೇ ಅನಿಸಿತು. ಅಷ್ಟರಲ್ಲಿ ನ್ಯಾಯಾಧೀಶರು ನಿಮ್ಮ ವಕಾಲತ್ತು ಎಲ್ಲಿ ಎಂದು ಕೇಳಿದರು. ತಪ್ಪಿಸಿಕೊಳ್ಳಲು ಅದೊಂದೇ ದಾರಿಯಾಗಿತ್ತು. ಆದರೆ ಗುಮಾಸ್ತರು ಮೂವತ್ತನಾಲ್ಕು ವರ್ಷದ ಅಭ್ಯಾಸಬಲದಿಂದ ಚೀಲದಿಂದ ಖಾಲಿ ವಕಾಲತ್ತು ತೆಗೆದು ಹಿಡಿದರು, ಮುದುಕ ಅದಕ್ಕೆ ಟಕ್ಕನೆ ಸಹಿ ಹಾಕಿದ.

“ಇವರೇ ನಮ್ಮ ವಕೀಲ್ರು ಸ್ವಾಮಿ,” ಅಂದ. “ಮುಂಚಿನವ್ರು ಬರೋದು ಬಿಟ್ಟು ಎರಡು ವರ್ಷ ಆಯ್ತು. ಯಾರೂ ಬರಲ್ಲ ಅಂತಲೇ ಕೂತಿದ್ದೆ.”

ಈಗ ಹಿಂದೆ ತಿರುಗಿ ನೋಡುವುದು ಹೇಗೆ? ಮೇಡಂ ಎದುರು ಪಕ್ಷದವರಿಂದ ನೋಟಿಸು ಕೇಳಿ ಪಡೆದರು. ಕಾಗದ ಕೈಗೆ ಬಂದ ಮೇಲೆ ಅವರಿಗೆ ಯಾವ ಕೋರ್ಟಾದರೂ ಒಂದೇ. ಹದಿನೈದು ದಿನ ಗಡುವು ಕೊಡಬೇಕಾದ ಕಡೆ, ಅಂಚೆಯ ಮೊಹರಿನಿಂದ ಎಣಿಸಿದರೆ ಹದಿಮೂರೇ ದಿನ ಇತ್ತು. ಅದನ್ನು ಬೆರಳಿಟ್ಟು ತೋರಿಸಿದರು. ನ್ಯಾಯಾಧೀಶರು ತಾವೂ ಬೆರಳು ಮಡಿಸಿ ಎಣಿಸಿ, ಮಾಲೀಕನ ಅರ್ಜಿಯನ್ನು ಅಲ್ಲೇ ವಜಾ ಮಾಡಿದರು. ಗಡಿಯಾರದ ಮುದುಕ ಮೇಡಂ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಆ ಹೊತ್ತಿನಲ್ಲಿ, ಮೂರು ಬಾಗಿಲು ಆಚೆ ಒಂಬತ್ತನೇ ಕೋರ್ಟಿನಲ್ಲಿ, ಕುರ್ಚಿಯವನ ಪರ ಯಾರು ಎಂದು ಮೂರು ಸಲ ಕೂಗಿ, ಯಾರೂ ಇಲ್ಲವೆಂದು ಬರೆದುಕೊಂಡು, ಮರುದಿನವೇ ಗೋದಾಮು ತೆರವು ಮಾಡಿಸಲು ಆದೇಶವಾಯಿತು.

ವಿಷಯ ಗೊತ್ತಾದದ್ದು ಸಂಜೆ ನಾಲ್ಕಕ್ಕೆ. ಮೇಡಂ ಜೂನಿಯರ್‌ಗಳನ್ನು ಸಾಲಾಗಿ ನಿಲ್ಲಿಸಿ, ಅದು ಆರನೇ ಕೋರ್ಟು ಅಂತ ನಿಮಗೆ ಯಾರಿಗೂ ಗೊತ್ತಾಗಲಿಲ್ಲವೇ ಎಂದು ಕೇಳಿದರು. ನಾಲ್ವರಿಗೂ ಗೊತ್ತಾಗಿತ್ತು. ಉದ್ದನೆಯವನು ಬಾಗಿಲಲ್ಲೇ ಕಂಡುಹಿಡಿದಿದ್ದ. ಇದರಲ್ಲಿ ಏನೋ ಒಳತಂತ್ರ ಇರಬೇಕು ಅಂದುಕೊಂಡಿದ್ದ. ನೆಗಡಿಯವಳು, ಕೇಸೇ ಆರನೇ ಕೋರ್ಟಿಗೆ ವರ್ಗವಾಗಿರಬೇಕು, ಮೇಡಂಗೆ ಮಾತ್ರ ಗೊತ್ತಿರಬೇಕು ಅಂದುಕೊಂಡಿದ್ದಳು. ಮೂರನೆಯವನು ಉದ್ದನೆಯವನ ಮುಖ ನೋಡಿ, ನಾಲ್ಕನೆಯವಳು ಮೂರನೆಯವನ ಮುಖ ನೋಡಿ ಸುಮ್ಮನಾಗಿದ್ದರು.

“ನೀವು ಅಷ್ಟು ಧೈರ್ಯವಾಗಿ ಹೋಗ್ತಿದ್ರಿ ಮೇಡಂ,” ಎಂದ ಉದ್ದನೆಯವನು. “ತಪ್ಪು ಅಂತ ಹೇಳೋಕೆ ಮನಸ್ಸು ಬರಲಿಲ್ಲ.”

ಮುಂದೇನು ಎಂಬ ಪ್ರಶ್ನೆ ಬಂತು. ಆದೇಶ ರದ್ದು ಮಾಡಿಸಬೇಕಾದರೆ ಬೆಳಿಗ್ಗೆಯೇ ಒಂಬತ್ತನೇ ಕೋರ್ಟಿಗೆ ಅರ್ಜಿ ಹಾಕಬೇಕು. ಅಂದು ಯಾಕೆ ಬರಲಿಲ್ಲವೆಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಜೂನಿಯರ್‌ಗಳು ಅರ್ಧ ಗಂಟೆಯಲ್ಲಿ ನಾಲ್ಕು ಕಾರಣ ತಯಾರಿಸಿದರು. ಒಂದರಲ್ಲಿ ಮೇಡಂಗೆ ಹೊಟ್ಟೆನೋವು, ಒಂದರಲ್ಲಿ ರಸ್ತೆಗೆ ಮರ ಬಿದ್ದಿತ್ತು, ಒಂದರಲ್ಲಿ ಮೇಡಂ ಚಿಕ್ಕಪ್ಪ ತೀರಿಕೊಂಡಿದ್ದರು. ಆ ಚಿಕ್ಕಪ್ಪ ಆಫೀಸಿನ ದಾಖಲೆಯಲ್ಲಿ ಈಗಾಗಲೇ ಎರಡು ಸಲ ತೀರಿಕೊಂಡಿದ್ದರು. ನಾಲ್ಕನೆಯದರಲ್ಲಿ ಮೂರನ್ನೂ ಸೇರಿಸಲಾಗಿತ್ತು.

ದೊಡ್ಡ ವಕೀಲರಿಂದ ಚೀಟಿ ಬಂತು: ‘ಗುಮಾಸ್ತನ ತಪ್ಪು ಅಂತ ಬರಿ. ಎಲ್ಲರೂ ಹಾಗೇ ಬರೆಯುವುದು.’

ಗುಮಾಸ್ತರು ಅದಕ್ಕೆ ಬೇಸರ ಪಟ್ಟುಕೊಳ್ಳಲಿಲ್ಲ. ಬೀರುವಿನಿಂದ ಅಚ್ಚು ಹಾಕಿಸಿಟ್ಟಿದ್ದ ಕಾಗದ ತಂದು ಮೇಜಿನ ಮೇಲಿಟ್ಟರು. ಗುಮಾಸ್ತನು ದಿನಾಂಕವನ್ನು ತಪ್ಪಾಗಿ ಬರೆದುಕೊಂಡಿದ್ದರಿಂದ ಎಂದು ಅದರಲ್ಲಿ ಮುಂಚೆಯೇ ಇತ್ತು, ಕೇಸಿನ ಸಂಖ್ಯೆಯ ಜಾಗ ಮಾತ್ರ ಖಾಲಿ. ಮೂವತ್ತನಾಲ್ಕು ವರ್ಷದಲ್ಲಿ ಇಂಥವು ನೂರಾ ಹನ್ನೆರಡು ಆಗಿವೆ, ಇದು ನೂರಾ ಹದಿಮೂರು ಎಂದರು. ಹೇಳುವಾಗ ಅವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

“ಅದರಲ್ಲಿ ನಿಜವಾಗ್ಲೂ ನೀವು ಮಾಡಿದ ತಪ್ಪು ಎಷ್ಟು?” ಎಂದು ಮೇಡಂ ಕೇಳಿದರು.

ಗುಮಾಸ್ತರು ಯೋಚಿಸಿದರು. “ಒಂದು ಇತ್ತು ಮೇಡಂ. ಅದನ್ನ ಯಾರೂ ಗಮನಿಸಲಿಲ್ಲ.”

ಮೇಡಂ ಆ ಅಚ್ಚಿನ ಕಾಗದವನ್ನು ಮಡಿಸಿ ಗುಮಾಸ್ತರ ಜೇಬಿಗೇ ತುರುಕಿದರು. ಬಿಳಿ ಹಾಳೆ ತೆಗೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಬರೆದರು. ನಾನು ಎಲ್ಲರ ಮುಂದೆ ನಡೆಯುತ್ತಿದ್ದೆ, ಬಾಗಿಲು ಯಾವುದೆಂದು ನೋಡಲಿಲ್ಲ, ಯಾರನ್ನೂ ಕೇಳಲಿಲ್ಲ, ಬೇರೆ ಕೋರ್ಟಿಗೆ ಹೋಗಿ ಬೇರೆಯವರ ಕೇಸು ಗೆದ್ದು ಬಂದೆ, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದರು. ದೊಡ್ಡ ವಕೀಲರು ಅದನ್ನು ಓದಿ, ಡಾಕ್ಟರ ಅಪ್ಪಣೆ ಮೀರಿ ಜೋರಾಗಿ ಕೆಮ್ಮಿದರು.

ಬೆಳಿಗ್ಗೆ ಒಂಬತ್ತನೇ ಕೋರ್ಟಿನ ನ್ಯಾಯಾಧೀಶೆ ಆ ಹಾಳೆಯನ್ನು ಓದಿದರು, ತಿರುಗಿಸಿ ಹಿಂಭಾಗ ನೋಡಿದರು, ಮತ್ತೆ ಓದಿದರು. ಹದಿನೇಳು ವರ್ಷದಲ್ಲಿ ಇಂಥ ಪ್ರಮಾಣಪತ್ರ ತಮ್ಮ ಮುಂದೆ ಬಂದಿಲ್ಲ, ಇಷ್ಟು ಸರಳವಾಗಿರುವುದರಿಂದ ಇದರಲ್ಲಿ ಏನೋ ಮೋಸವಿರಬೇಕು ಎಂದು ಅವರಿಗೆ ಗುಮಾನಿ ಬಂತು. ಚಿಕ್ಕಪ್ಪ ತೀರಿಕೊಂಡಿದ್ದರೆ ಆ ನಿಮಿಷವೇ ಒಪ್ಪಿಬಿಡುತ್ತಿದ್ದರೇನೋ. ಇದಕ್ಕೆ ಮಾತ್ರ ಸಾಕ್ಷಿ ಕೇಳಿದರು. ನಾಲ್ವರು ಜೂನಿಯರ್‌ಗಳು ಒಬ್ಬೊಬ್ಬರಾಗಿ ಕಟಕಟೆ ಹತ್ತಿ, ಅದು ಆರನೇ ಕೋರ್ಟು ಎಂದು ತಮಗೆ ಚೆನ್ನಾಗಿ ಗೊತ್ತಿತ್ತೆಂದು ಪ್ರಮಾಣ ಮಾಡಿದರು. ಐದನೆಯವರಾಗಿ ಗುಮಾಸ್ತರನ್ನು ಕರೆದರು. ಅವರು ಹತ್ತುತ್ತಲೇ ಅಭ್ಯಾಸಬಲದಿಂದ ತಪ್ಪು ನನ್ನದು ಸ್ವಾಮಿ ಎಂದುಬಿಟ್ಟರು. ಮೇಡಂ ಎದ್ದು ಆಕ್ಷೇಪಣೆ ಸಲ್ಲಿಸಬೇಕಾಯಿತು.

“ನಾಳೆ ಇವರು ಬಾವಿಗೆ ಬೀಳೋಕೆ ಹೊರಟರೆ ನೀವೂ ಹಿಂದೆ ಹೋಗ್ತೀರಾ?” ಎಂದು ನ್ಯಾಯಾಧೀಶೆ ಜೂನಿಯರ್‌ಗಳನ್ನು ಕೇಳಿದರು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾವಿಯ ಅಳತೆ ತಿಳಿಯದೆ ಹೇಳುವುದು ಕಷ್ಟ ಎಂದು ನೆಗಡಿಯವಳು ಉತ್ತರಿಸಿದಳು. ನ್ಯಾಯಾಧೀಶೆ ಬೈತಲೆಯ ಹತ್ತಿರ ಪೆನ್ನಿನಿಂದ ಕೆರೆದುಕೊಂಡು, ತೆರವಿನ ಆದೇಶ ರದ್ದು ಮಾಡಿದರು. ಆದೇಶದ ಪ್ರತಿ ಕೈಗೆ ಸಿಗುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಆ ವೇಳೆಗೆ ಆದೇಶ ಜಾರಿ ಮಾಡುವ ಕೋರ್ಟಿನ ಅಮೀನ ತನ್ನ ಕೆಲಸ ಮುಗಿಸಿ ಊಟಕ್ಕೂ ಹೋಗಿದ್ದ.

ಮೇಡಂ ಮತ್ತು ಅವರ ಸಾಲು ಓಡೋಡಿ ಹೋಗಿ ನೋಡಿದರೆ, ಸಮಾರಂಭದಿಂದ ರಾತ್ರಿಯೇ ವಾಪಸಾಗಿದ್ದವೂ ಸೇರಿ, ನಾನೂರು ಕುರ್ಚಿಗಳೂ ಬೀದಿಯಲ್ಲಿದ್ದವು. ಮಡಿಸಿ ಪೇರಿಸಿದರೆ ಜರುಗಿ ಬೀಳುತ್ತವೆಂದು ಅಮೀನನ ಆಳುಗಳು ಒಂದೊಂದನ್ನೂ ಬಿಡಿಸಿ, ಸಾಲು ಸಾಲಾಗಿ, ಒಂದೇ ಕಡೆ ಮುಖ ಮಾಡಿ ಇಟ್ಟಿದ್ದರು. ಕುರ್ಚಿಯವನು ಗೋದಾಮಿನ ಮೆಟ್ಟಿಲ ಮೇಲೆ ತಲೆಗೆ ಕೈ ಕೊಟ್ಟು ಕೂತಿದ್ದ. ನಾನೂರು ಕುರ್ಚಿ ಇದ್ದೂ ಆತ ಕೂತದ್ದು ಕಲ್ಲಿನ ಮೇಲೆ.

ಮೇಡಂ ಅವನ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದರು. ಅವನು ತಲೆಯಿಂದ ಕೈ ತೆಗೆದು ಅವರ ಮುಖ ನೋಡಿದ.

“ಗಡಿಯಾರದವನ ಕೇಸು ಗೆದ್ರಾ?”

“ಗೆದ್ದೆ.”

“ನನ್ನ ಕೇಸಲ್ಲೂ ಅಷ್ಟು ಮಾತಾಡಿದ್ರೆ ಸಾಕಾಗ್ತಿತ್ತು ಅಂತೀರಿ.”

“ಸಾಕಾಗ್ತಿತ್ತು. ನಾನು ಬಾಗಿಲು ನೋಡಬೇಕಿತ್ತು.”

ಅವನು ಬೈಯುತ್ತಾನೆಂದು ಮೇಡಂ ಕಾದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ, ಸಾಯಂಕಾಲದೊಳಗೆ ಇವೆಲ್ಲ ಒಳಗೆ ಹೋಗದಿದ್ದರೆ ಇಬ್ಬನಿಗೆ ತುಕ್ಕು ಹಿಡಿಯುತ್ತವೆ, ಒಳಗಿಡಲು ತನ್ನ ಹತ್ತಿರ ಇರುವವರು ಇಬ್ಬರೇ ಆಳು, ಅವರೂ ಬೆಳಗಿನಿಂದ ಹೊತ್ತು ಹೊತ್ತು ಸೊಂಟ ಹಿಡಿದುಕೊಂಡು ಮಲಗಿದ್ದಾರೆ ಎಂದಷ್ಟೇ ಹೇಳಿದ. ಮೇಡಂ ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕುಸಿದರು. ಅವರು ಕೂತದ್ದು ನೋಡಿ ಜೂನಿಯರ್‌ಗಳೂ ಗುಮಾಸ್ತರೂ ಪಕ್ಕದಲ್ಲಿ ಕೂತರು.

ತಪ್ಪಾದದ್ದು ಅಲ್ಲಿ. ಕರಿಕೋಟಿನ ಐವರು ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕೂತದ್ದನ್ನು ಕಂಡು, ದಾರಿಹೋಕರಿಬ್ಬರು ಏನೋ ಕಾರ್ಯಕ್ರಮ ಇರಬೇಕೆಂದು ಹಿಂದಿನ ಸಾಲಿನಲ್ಲಿ ಕೂತರು. ಅವರನ್ನು ಕಂಡು ಹತ್ತು ಜನ. ಬಸ್ ಸ್ಟಾಪಿನವರು ಬಸ್ಸು ಬಿಟ್ಟು ಬಂದು ಕೂತರು. ಪಕ್ಕದ ಆಸ್ಪತ್ರೆಯಿಂದ ಕೈಗೆ ಬ್ಯಾಂಡೇಜು ಸುತ್ತಿಕೊಂಡವರು ಬಂದರು. ಯಾರು ಮಾತಾಡುತ್ತಾರಂತೆ ಎಂದು ಒಬ್ಬ ಕೇಳಿದರೆ, ದೊಡ್ಡವರೇ ಯಾರೋ, ಇನ್ನೂ ಬಂದಿಲ್ಲ ಎಂದು ಇನ್ನೊಬ್ಬ ಹೇಳಿದ. ಮುಕ್ಕಾಲು ಗಂಟೆಯಲ್ಲಿ ಕುರ್ಚಿಯೆಲ್ಲ ತುಂಬಿ, ಕೆಲವರು ಗೋಡೆಗೆ ಒರಗಿ ನಿಂತರು. ಹಿಂದಿನ ಸಾಲುಗಳಿಂದ ಚಪ್ಪಾಳೆ ಶುರುವಾಯಿತು. ಬೇಸರದ, ತಾಳ್ಮೆ ಕೆಟ್ಟ ಚಪ್ಪಾಳೆ.

ಗುಮಾಸ್ತರು ಬಾಗಿ, ಹಿಂದೆ ಒಂದು ಸಲ ನೋಡಿ ಮೇಡಂ ಎಂದು ಕಿವಿಯಲ್ಲಿ ಹೇಳಿದರು. ಮೇಡಂ ನೋಡಿದರು. ಬೀದಿಯ ಕೊನೆಯ ತನಕ ಮುಖಗಳೇ. ಇಷ್ಟು ಜನ ಹಿಂದೆ ಬಂದು ಕೂತಿದ್ದು ತಮಗೆ ಗೊತ್ತೇ ಆಗಿರಲಿಲ್ಲ. ಗದ್ದ ಮೇಲೆತ್ತಿಕೊಂಡರು. ಎದ್ದು, ತಮ್ಮ ಕುರ್ಚಿಯ ಮೇಲೆಯೇ ಹತ್ತಿ ನಿಂತರು. ಚಪ್ಪಾಳೆ ನಿಂತಿತು.

“ಇವತ್ತು ಇಲ್ಲಿ ಯಾರೂ ಮಾತಾಡಲ್ಲ,” ಎಂದರು ಮೇಡಂ. “ಈ ಕುರ್ಚಿಗಳು ಬೀದಿಗೆ ಬಂದಿರೋದು ನನ್ನ ತಪ್ಪಿಂದ. ಇವು ಒಳಗೆ ಹೋಗಬೇಕು, ನನ್ನೊಬ್ಬಳ ಕೈಲಿ ಆಗಲ್ಲ. ಕೂತವರು ಕೂತ ಕುರ್ಚಿ ಮಡಚಿ ಆ ಬಾಗಿಲಲ್ಲಿ ಕೊಡಿ. ಬಾಗಿಲು ಅದೇ ಅಲ್ವಾ, ಯಾರಾದ್ರೂ ಒಂದ್ಸಲ ನೋಡಿ ಹೇಳಿ.”

ಉದ್ದನೆಯವನು ಓಡಿಹೋಗಿ ನೋಡಿ, ಅದೇ ಬಾಗಿಲು ಮೇಡಂ ಎಂದು ಕೂಗಿದ. ಮೇಡಂ ಕೇಳದಿದ್ದರೂ ತಪ್ಪಿದ್ದರೆ ಹೇಳಲು ಅವನು ಶುರು ಮಾಡಿದ್ದು ಆಮೇಲಾಮೇಲೆ; ಕೇಳಿದಾಗ ನೋಡಿ ಹೇಳಿದ್ದು ಇದೇ ಮೊದಲು.

ಒಂದು ಗಳಿಗೆ ಯಾರೂ ಅಲುಗಲಿಲ್ಲ. ಇದೇ ಕಾರ್ಯಕ್ರಮವೋ, ಇದಾದ ಮೇಲೆ ಕಾರ್ಯಕ್ರಮವೋ ಎಂದು ಜನಕ್ಕೆ ಗೊಂದಲ. ಕೊನೆಗೆ ಬ್ಯಾಂಡೇಜಿನವನೊಬ್ಬ ಎದ್ದು, ಒಂದೇ ಕೈಯಲ್ಲಿ ತನ್ನ ಕುರ್ಚಿ ಮಡಚಿ ಹೆಗಲಿಗೇರಿಸಿದ. ಆಮೇಲೆ ಪಟಪಟ ಸದ್ದು ಬೀದಿಯುದ್ದಕ್ಕೂ ಎದ್ದಿತು. ಜನ ಸಾಲುಗಟ್ಟಿ ಬಂದರು. ಗುಮಾಸ್ತರು ಬಾಗಿಲಲ್ಲಿ ನಿಂತು ಎಣಿಸಿದರು. ಜೂನಿಯರ್‌ಗಳು ಒಳಗೆ ಪೇರಿಸಿದರು. ಕುರ್ಚಿಯವನು ಮೊದಲು ಮೆಟ್ಟಿಲ ಮೇಲಿಂದ ನೋಡುತ್ತಲೇ ಇದ್ದ. ಪೇರಿಸುವ ಕ್ರಮ ಸರಿಯಿಲ್ಲವೆಂದು ಸಹಿಸಲಾರದೆ ಎದ್ದು ಬಂದು, ಜೂನಿಯರ್‌ಗಳನ್ನು ಬಾಯಿಗೆ ಬಂದಂತೆ ಬೈಯತೊಡಗಿದ. ಮೇಡಂಗೆ ಅದನ್ನು ಕೇಳಿ ಜೀವ ಬಂದಂತಾಯಿತು.

ಕೇಸು ಆಮೇಲೆ ಎರಡು ವರ್ಷ ನಡೆಯಿತು. ಕುರ್ಚಿಯವನು ಗೋದಾಮು ಬಿಡಲಿಲ್ಲ, ವಕೀಲರನ್ನೂ ಬದಲಿಸಲಿಲ್ಲ. ದೊಡ್ಡ ವಕೀಲರ ಗಂಟಲು ಸರಿಹೋದರೂ ಆ ಕೇಸಿನಲ್ಲಿ ಎದ್ದು ನಿಂತವರು ಮೇಡಂ ಅವರೇ. ಆದರೆ ಅವೆಲ್ಲ ಮುಂದಿನ ಮಾತು. ಆ ಸಂಜೆ ಗುಮಾಸ್ತರ ಎಣಿಕೆ ನಾನೂರು ಮುಟ್ಟಿದ ಮೇಲೂ ಬೀದಿಯ ನಡುವೆ ಒಂದು ಕುರ್ಚಿ ಉಳಿದಿತ್ತು. ಅದರ ಮೇಲೆ ವಯಸ್ಸಾದ ಹೆಂಗಸೊಬ್ಬರು ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದರು. ಮೇಡಂ ಹೋಗಿ ಬಗ್ಗಿ, ಅಜ್ಜೀ, ಇದನ್ನೂ ಒಳಗಿಡಬೇಕಲ್ಲ ಎಂದರು.

“ಇದು ನಮ್ಮನೇದಮ್ಮ,” ಎಂದರು ಅಜ್ಜಿ. “ಇಷ್ಟು ಜನ ಸೇರಿರೋ ಕಡೆ ಸಾಕಾಗುತ್ತೋ ಇಲ್ವೋ ಅಂತ ನಾನೇ ತಂದೆ. ಮುಗೀತಾ?”

“ಮುಗೀತು.”

“ಚೆನ್ನಾಗಿತ್ತು,” ಎಂದು ಅಜ್ಜಿ ಎದ್ದರು. ಮೇಡಂ ಆ ಕುರ್ಚಿ ಎತ್ತಿಕೊಂಡು, ಮನೆ ಯಾವ ಕಡೆ ಎಂದು ಕೇಳಿ, ಅವರ ಹಿಂದೆ ಹೊರಟರು.